ಹಬ್ಬದ ದಿನದ ಸರಪಣಿ

ಹಬ್ಬ ಬಂದರೆ ನಮ್ಮ ಅನೇಕ ಮನೆಗಳಲ್ಲಿ ಎರಡು ಕೆಲಸಗಳು ತಪ್ಪದೆ ನಡೆಯುತ್ತವೆ. ಮುಂಬಾಗಿಲಿಗೆ ತೋರಣ ಕಟ್ಟುತ್ತೇವೆ. ಹಿತ್ತಿಲಲ್ಲಿ ನಾಯಿಯನ್ನು ಕಟ್ಟುತ್ತೇವೆ. ನೆಂಟರಿಷ್ಟರು ಬರುತ್ತಾರೆ, ರಂಗೋಲಿ ಕೆಡುತ್ತದೆ, ಪೂಜೆಯ ಸಾಮಗ್ರಿ ಮುಟ್ಟೀತು ಎಂಬ ಕಾರಣಗಳು ಸಿದ್ಧವಾಗಿಯೇ ಇರುತ್ತವೆ. ವರ್ಷವೆಲ್ಲ ಮನೆ ಕಾದ ಜೀವವು ಮನೆಯವರೆಲ್ಲ ಸಂತೋಷಪಡುವ ದಿನದಂದೇ ಎರಡು ಮೊಳದ ಸರಪಣಿಯ ತುದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನರಳುತ್ತದೆ. ಸಂಜೆ ಅದರ ಮುಂದೆ ಒಂದು ಎಲೆ ಪಾಯಸವನ್ನು ಸುರಿದು ‘ಅದಕ್ಕೂ ಹಬ್ಬವಾಯಿತು’ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಅಹಿಂಸೆಯನ್ನು ಕುಲಧರ್ಮವೆಂದು ಹೇಳಿಕೊಳ್ಳುವ ಶ್ರಾವಕರಿಗೆ ಇದು ಶೋಭಿಸುವುದಿಲ್ಲ.

ಇದು ಕಠಿಣವಾದ ಮಾತು ಎನ್ನುವವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಅಹಿಂಸಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ. ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿದ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು—ಇವೆಲ್ಲಕ್ಕಿಂತ ಮೊದಲು ಬರುವುದು ಬಂಧ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಿಡಿಸುತ್ತ, ಪ್ರಾಣಿಯು ತಾನು ಬಯಸಿದೆಡೆಗೆ ಹೋಗದಂತೆ ಮಾಡುವುದೇ ಬಂಧವೆಂಬ ಅರ್ಥವನ್ನು ಕೊಟ್ಟಿದ್ದಾರೆ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕದಿರಲೆಂದು ಹಿಡಿದ ಹಗ್ಗ ರಕ್ಷಣೆ. ನಮ್ಮ ಅನುಕೂಲಕ್ಕಾಗಿ ದಿನವಿಡೀ ಕಟ್ಟಿದ ಸರಪಣಿ ಅತಿಚಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇನ್ನೊಂದು ಅಂಶವಿದೆ. ನಮ್ಮ ಆಗಮಗಳ ಜೀವವಿಭಾಗದಲ್ಲಿ ನಾಯಿ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಅಂದರೆ ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳ ಜೀವ. ಮನಸ್ಸು ಇದೆ ಎಂದ ಮೇಲೆ ಅದಕ್ಕೂ ಹಸಿವು ಇದೆ. ನಾಯಿಯ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಕೋಟಿಗಟ್ಟಲೆ. ಮನುಷ್ಯನಿಗಿಂತ ಹತ್ತಾರು ಪಟ್ಟು ಹೆಚ್ಚು. ಹೋಳಿಗೆ ಬೇಯುವ, ತುಪ್ಪ ಕಾಯುವ, ಹೂವು ಧೂಪಗಳು ಪರಿಮಳಿಸುವ, ಹತ್ತು ಮಂದಿ ಹೊಸಬರು ಬಂದುಹೋಗುವ ದಿನದಂದು ಅಂಥ ಮೂಗುಳ್ಳ ಜೀವವನ್ನು ಕಂಬಕ್ಕೆ ಬಿಗಿಯುವುದೆಂದರೆ, ಪುಸ್ತಕಪ್ರೇಮಿಯನ್ನು ಗ್ರಂಥಾಲಯದ ಹೊಸ್ತಿಲಲ್ಲಿ ಕಟ್ಟಿಹಾಕಿದಂತೆ. ಹೊಟ್ಟೆಗೆ ಹಾಕಿದೆವು ಎಂಬ ಉತ್ತರ ಮನಸ್ಸಿನ ಹಸಿವಿಗೆ ಸಲ್ಲುವುದಿಲ್ಲ.

ಜೀವಂಧರನ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಸಂಸ್ಕೃತದಲ್ಲಿ ವಾದೀಭಸಿಂಹನೂ ಕನ್ನಡದಲ್ಲಿ ಭಾಸ್ಕರ ಕವಿಯೂ ಅದನ್ನು ಕಾವ್ಯವಾಗಿಸಿದರು. ವಸಂತೋತ್ಸವದ ಸಂಭ್ರಮದಲ್ಲಿ ಆಹಾರವನ್ನು ಮುಟ್ಟಿತೆಂಬ ಒಂದೇ ಕಾರಣಕ್ಕೆ ಏಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಸುರಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ಗಮನಿಸಬೇಕಾದದ್ದು ಇಷ್ಟೆ: ಆ ನಾಯಿಗೆ ಏಟು ಬಿದ್ದದ್ದು ಹಬ್ಬದ ದಿನ. ಜನರ ಸಂಭ್ರಮವೇ ಅದರ ಪಾಲಿಗೆ ಮೃತ್ಯುವಾಯಿತು. ಕಥೆಯನ್ನು ಭಕ್ತಿಯಿಂದ ಕೇಳುವ ನಾವು ಜೀವಂಧರನ ಪಕ್ಷದಲ್ಲಿದ್ದೇವೆಯೋ, ಕೋಲು ಹಿಡಿದವರ ಪಕ್ಷದಲ್ಲಿದ್ದೇವೆಯೋ?

ಹಾಗಾದರೆ ನಾಯಿಗೆ ಹಬ್ಬ ಮಾಡುವುದು ಹೇಗೆ? ಈಚೆಗೆ ನಗರಗಳಲ್ಲಿ ನಾಯಿಗೆ ರೇಷ್ಮೆಯ ಅಂಗಿ ತೊಡಿಸಿ ಚಿತ್ರ ತೆಗೆಯುವ ಪದ್ಧತಿ ಬಂದಿದೆ. ಅದು ನಾಯಿಯ ಹಬ್ಬವಲ್ಲ, ನಮ್ಮ ಪ್ರದರ್ಶನ. ನೇಪಾಳದಲ್ಲಿ ದೀಪಾವಳಿಯ ಹೊತ್ತಿನಲ್ಲೇ ಬರುವ ತಿಹಾರ್ ಹಬ್ಬದ ಒಂದು ದಿನ ‘ಕುಕುರ್ ತಿಹಾರ್’ ಎಂದು ನಾಯಿಗಳಿಗೆ ಮೀಸಲು. ಬೀದಿನಾಯಿಗೂ ಹಾರ, ತಿಲಕ, ಊಟಗಳು ಸಲ್ಲುತ್ತವೆ. ಆ ಕೃತಜ್ಞತೆಗೆ ತಲೆಬಾಗೋಣ. ಆದರೆ ಹೂವಿನ ಹಾರದ ಗೌರವ ನಾಯಿಗೆ ಅರ್ಥವಾಗುವುದಿಲ್ಲ. ಅದಕ್ಕೆ ಅರ್ಥವಾಗುವುದು ಹುಡುಕುವುದು, ಮೂಸುವುದು, ಕಂಡುಹಿಡಿಯುವುದು, ಮನೆಯವರೊಡನೆ ಇರುವುದು. ಆದ್ದರಿಂದ ಅದರ ಹಬ್ಬವೆಂದರೆ ಆಟ. ಆ ಆಟಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ, ಅಡುಗೆಮನೆಯೇ ಸಾಕು.

ಹಳೆಯ ಟವೆಲ್ಲನ್ನು ಹಾಸಿ, ಅದರ ಮೇಲೆ ಚಪಾತಿಯ ಚೂರುಗಳನ್ನು ಹರಡಿ, ಚಾಪೆಯಂತೆ ಸುತ್ತಿಡಿ. ನಾಯಿ ಮೂಗಿನಿಂದ ತಳ್ಳುತ್ತ ತಳ್ಳುತ್ತ ಬಿಡಿಸುತ್ತದೆ. ಮೊದಲು ಸಡಿಲವಾಗಿ, ಕಲಿತ ಮೇಲೆ ಬಿಗಿಯಾಗಿ ಸುತ್ತಬಹುದು. ಇಡ್ಲಿ ತಟ್ಟೆಯ ಗುಳಿಗಳಲ್ಲಿ ಒಂದೊಂದು ಚೂರನ್ನಿಟ್ಟು, ಬಾಯಿಗೆ ಹಿಡಿಸದಷ್ಟು ದೊಡ್ಡ ಬಟ್ಟೆಯುಂಡೆಗಳಿಂದ ಮುಚ್ಚಿದರೆ ಇನ್ನೊಂದು ಆಟ. ಅಂಚು ನಯಮಾಡಿದ ಮೂರು ತೆಂಗಿನ ಕರಟಗಳನ್ನು ಕವುಚಿ ಒಂದರ ಕೆಳಗೆ ತಿನಿಸನ್ನಿಡಿ. ಯಾವುದರ ಕೆಳಗಿದೆಯೆಂದು ಅದು ಮೂಸಿಯೇ ಹೇಳುತ್ತದೆ. ಹಬ್ಬದ ಬಟ್ಟೆ ಬಂದ ರಟ್ಟಿನ ಪೆಟ್ಟಿಗೆಯ ಪಿನ್ನು, ಅಂಟುಪಟ್ಟಿಗಳನ್ನು ತೆಗೆದು, ಮುದುರಿದ ಕಾಗದ ತುಂಬಿ, ನಡುವೆ ತಿನಿಸನ್ನು ಹುದುಗಿಸಬಹುದು. ಅಂಗಳದಲ್ಲಿ ಹತ್ತೆಂಟು ಕಡೆ ಚೂರುಗಳನ್ನು ಮರೆಮಾಡಿ ಹುಡುಕಲು ಬಿಡಬಹುದು. ಎಲ್ಲಕ್ಕಿಂತ ಉತ್ತಮವಾದುದು, ಮನೆಯ ಮಕ್ಕಳೇ ಬಾಗಿಲ ಮರೆಯಲ್ಲಿ ಅಡಗಿ ಅದರ ಹೆಸರು ಹಿಡಿದು ಕರೆಯುವುದು. ಹೀಗೆ ಕಾಲುಗಂಟೆ ಮೂಗು ದುಡಿದ ನಾಯಿ ತಾನಾಗಿಯೇ ಹೋಗಿ ಮಲಗುತ್ತದೆ. ನೆಂಟರು ಬಂದಾಗ ಅದನ್ನು ಸುಮ್ಮನಿರಿಸಲು ಸರಪಣಿಗಿಂತ ಒಳ್ಳೆಯ ಉಪಾಯ ಇದೇ.

ಆಟದಲ್ಲೂ ವಿವೇಕ ಬೇಕು. ಯಾರಾದರೂ ಹಿರಿಯರು ಎದುರಿಗಿರಬೇಕು; ಬಟ್ಟೆ ಕಾಗದಗಳನ್ನು ಅದು ನುಂಗಬಾರದು. ಆಟಕ್ಕೆಂದು ಹಸಿವಿನಿಂದ ಕಾಯಿಸಿದರೆ ಅದು ಅನ್ನಪಾನನಿರೋಧವೇ. ದಿನದ ಆಹಾರದ ಒಂದು ಪಾಲನ್ನೇ ಆಟಕ್ಕೆ ಬಳಸಿ. ಬರಿಯ ಕರಟವನ್ನು ತೋರಿ ಮರುಳುಮಾಡಿ ನಗುವುದು ಆಟವಲ್ಲ, ವಂಚನೆ. ಬೇಯಿಸಿದ ಸಿಹಿಗುಂಬಳ, ಬೀಜ ತೆಗೆದ ಸೇಬು, ಉಪ್ಪು ಹಾಕದ ಚಪಾತಿ ಸಾಕು. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಆದ್ದರಿಂದ ನಾವು ಪ್ರೀತಿಯಿಂದ ಸುರಿಯುವ ಪಾಯಸ, ಕೇಸರಿಬಾತು, ಲಾಡುಗಳೇ ಅದಕ್ಕೆ ವಿಷವಾಗಬಹುದು. ಚಾಕೊಲೇಟು ಸರ್ವಥಾ ಕೂಡದು. ಈರುಳ್ಳಿ ಬೆಳ್ಳುಳ್ಳಿಗಳೂ ಅದರ ರಕ್ತಕ್ಕೆ ಕೇಡು. ಅವುಗಳನ್ನು ವರ್ಜಿಸಿದ ಮನೆಗಳಲ್ಲಿ ಆ ಭಯವಿಲ್ಲ. ಆಟ ಮುಗಿದೊಡನೆ ಉಳಿದ ಚೂರುಗಳನ್ನು ಮೃದುವಾಗಿ ಗುಡಿಸಿ ತೆಗೆಯಬೇಕು. ಇಲ್ಲವಾದರೆ ಇರುವೆಗಳು ಮುತ್ತಿ ಕಾಲ್ತುಳಿತಕ್ಕೆ ಸಿಕ್ಕಿ, ಒಂದು ಜೀವದ ಸಂತೋಷಕ್ಕೆ ನೂರು ಜೀವಗಳು ಬಲಿಯಾಗುತ್ತವೆ.

ಅಂಗಡಿಯ ಆಟಿಕೆಗಳ ಬಗೆಗೆ ಒಂದು ಮಾತು. ಇಲಿಯ, ಕೋಳಿಯ ಆಕಾರದಲ್ಲಿ ಮಾಡಿ, ಕಚ್ಚಿದರೆ ಕೀಚೆಂದು ಕೂಗುವ ರಬ್ಬರಿನ ಗೊಂಬೆಗಳನ್ನು ನಮ್ಮವರೂ ಕೊಂಡುತರುತ್ತಿದ್ದಾರೆ. ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯನ್ನು ಇವರು ಮರೆತರೇ? ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪಹಿಂಸೆಯ ಫಲವಾಗಿ ಮಗ ನವಿಲಾದನು, ತಾಯಿ ನಾಯಿಯಾದಳು. ತನ್ನ ಅಜ್ಜಿಯೆಂದರಿಯದೆಯೇ ಮೊಮ್ಮಗನು ಆ ನಾಯಿಯನ್ನು ಅರಮನೆಯಲ್ಲಿ ಸಾಕಿ, ಕೊನೆಗೆ ಹೊಡೆದು ಕೊಂದನು. ನಾಯಿಗೆ ಗೊಂಬೆಯ ಭೇದ ತಿಳಿಯದಿರಬಹುದು. ಕೊಡುವ ನಮಗೆ, ನೋಡಿ ನಗುವ ನಮ್ಮ ಮಕ್ಕಳಿಗೆ ತಿಳಿಯುತ್ತದೆ. ಕೊಲ್ಲುವ ಆಟವನ್ನು ಹಣ ಕೊಟ್ಟು ತರುವುದಕ್ಕಿಂತ ಹುಡುಕುವ ಆಟವನ್ನು ಮನೆಯಲ್ಲೇ ಮಾಡುವುದು ಶ್ರಾವಕೋಚಿತ.

ಇನ್ನು ಆಕ್ಷೇಪಗಳು. ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನೇ ಶ್ರಾವಕಾಚಾರಗಳು ಅನರ್ಥದಂಡದಲ್ಲಿ ಸೇರಿಸಿರುವಾಗ ನಾಯಿಗೆ ಆಟವೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಾಧುವಾದುದೇ. ಮೋಜಿಗಾಗಿ ಮರಿಯನ್ನು ಕೊಂಡುತರಬೇಡಿರೆಂದು ಆ ವಿಧಿಯಿಂದ ಧಾರಾಳವಾಗಿ ಹೇಳಬಹುದು. ಆದರೆ ತಂದ ಮೇಲೆ, ಅಥವಾ ಬೀದಿಯಿಂದ ಬಂದು ಬಾಗಿಲಲ್ಲಿ ನಿಂತ ಜೀವಕ್ಕೆ ಆಶ್ರಯ ಕೊಟ್ಟ ಮೇಲೆ, ಅದೇ ವಿಧಿಯನ್ನು ನೆವಮಾಡಿ ಅದನ್ನು ಕಡೆಗಣಿಸುವುದು ಪ್ರಮಾದ. ಪ್ರಮಾದವೇ ಹಿಂಸೆಯ ಬೇರು. ಹಬ್ಬದ ದಿನ ಬಿಡುವೆಲ್ಲಿ ಎನ್ನುವವರಿಗೆ ಉತ್ತರ ಇನ್ನೂ ಸುಲಭ: ಇಸ್ಪೀಟಿಗೂ ದೂರದರ್ಶನಕ್ಕೂ ಸಿಗುವ ಬಿಡುವಿನಲ್ಲಿ ಕಾಲುಗಂಟೆ ಸಾಕು.

ದೀಪಾವಳಿಯಂದು ಈ ಕರ್ತವ್ಯ ಇಮ್ಮಡಿಯಾಗುತ್ತದೆ. ಅದು ಭಗವಾನ್ ಮಹಾವೀರರ ನಿರ್ವಾಣದ ದಿನ. ಆ ದಿನ ಪಟಾಕಿ ಸುಡುವ ಶ್ರಾವಕನಿಗೆ ಹೇಳುವುದೇನಿದೆ? ನಮಗಿಂತ ಎಷ್ಟೋ ಸೂಕ್ಷ್ಮವಾಗಿ ಕೇಳುವ ನಾಯಿಗೆ ಆ ಸದ್ದು ಸಿಡಿಲು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಗಂಟೆಯ ಮಿತಿ ವಿಧಿಸಿತು. ಬೀದಿಯ ಸದ್ದು ಗಡಿಯಾರ ನೋಡುವುದಿಲ್ಲ. ಆದ್ದರಿಂದ ಆಟವೂ ಊಟವೂ ಸೂರ್ಯಾಸ್ತಕ್ಕೆ ಮುನ್ನ ಮುಗಿಯಲಿ. ರಾತ್ರಿಭೋಜನತ್ಯಾಗದ ಮನೆಗಳಿಗೆ ಅದೇನೂ ಹೊಸತಲ್ಲ. ಬಳಿಕ ಒಳಗಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಕಟ್ಟದೆ, ಮನೆಯವರೊಬ್ಬರು ಜೊತೆಗಿದ್ದು ಅದನ್ನು ಮಲಗಿಸಲಿ.

ಕೊನೆಯದಾಗಿ ಬಸದಿಗಳ ಆಡಳಿತ ಮಂಡಳಿಯವರಲ್ಲಿ ವಿನಂತಿ. ಉಗ್ರಾಣ ಕಾಯಲೆಂದು ಆವರಣದಲ್ಲಿ ನಾಯಿಯನ್ನು ಇಟ್ಟುಕೊಂಡಿದ್ದರೆ, ಅಭಿಷೇಕ ರಥೋತ್ಸವಗಳ ದಿನ ವಾದ್ಯಘೋಷದ ಪಕ್ಕದಲ್ಲಿ ಅದನ್ನು ಬಿಗಿಯಬೇಡಿ. ಒಬ್ಬ ಸೇವಕನಿಗೆ ಅದರ ಹೊಣೆಯನ್ನು ವಹಿಸಿ. ಸದಾ ಸರಪಣಿಯಲ್ಲಿಟ್ಟ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ವಿಧಿ ಅಪರಾಧವೆಂದು ಹೇಳುತ್ತದೆ. ಸರ್ಕಾರದ ಕಾಯಿದೆ ಹೇಳುವ ಎಷ್ಟೋ ಶತಮಾನಗಳ ಮೊದಲೇ ನಮ್ಮ ಆಚಾರ್ಯರು ಹೇಳಿದ್ದರು. ಅವರ ಮಾತನ್ನು ನಾವು ಕಾಯಿದೆಗೆ ಹೆದರಿ ಪಾಲಿಸುವಂತಾದರೆ ನಾಚಿಕೆಗೇಡು. ಬರುವ ಹಬ್ಬದಂದು ತೋರಣವನ್ನು ಕಟ್ಟೋಣ, ನಾಯಿಯನ್ನು ಬಿಚ್ಚೋಣ.