ಬಿಸಿಲಿನ ಬೆಳೆ: ಪಾವಗಡದ ಲೆಕ್ಕ, ನಮ್ಮ ಲೆಕ್ಕ

ಕಳೆದ ಆಡಳಿತ ಮಂಡಳಿ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ತರುಣ ಸದಸ್ಯರೊಬ್ಬರು ಕೇಳಿದರು: "ಸೆಕ್ರೆಟರಿಯವರೇ, ಪಾವಗಡದವರು ಬಿಸಿಲನ್ನೇ ಗೇಣಿಗೆ ಕೊಟ್ಟು ಕೂತು ಉಣ್ಣುತ್ತಾರಂತೆ. ಮಂಜಗುಣಿಯಲ್ಲಿ ಗಜನಿ ಬೀಳು ಬಿದ್ದಿದೆ, ಮೇಲೆ ಬೆಟ್ಟವಿದೆ. ನಾವೇಕೆ ಕೊಡಬಾರದು?" ಅಲ್ಲಿ ಎಲ್ಲರೂ ನಕ್ಕು ಮಾತು ಅಷ್ಟಕ್ಕೇ ನಿಂತಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಆದ್ದರಿಂದ ನನಗೆ ತೋಚಿದ್ದನ್ನು ಬೆಳೆಗಾರ ಬಾಂಧವರ ಮುಂದೆ ಇಡುತ್ತಿದ್ದೇನೆ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿಯಾಯಿತು. ನಮ್ಮ ಕೈಗಾದ ನಾಲ್ಕು ಘಟಕ ಸೇರಿದರೂ 880 ಮೆಗಾವಾಟ್. ಹಾಗೆಂದು ಪಾವಗಡ ಎರಡು ಕೈಗಾಕ್ಕಿಂತ ದೊಡ್ಡದು ಎಂದು ಎಣಿಸಬಾರದು. ಕೈಗಾ ರಾತ್ರಿಯೂ ನಡೆಯುತ್ತದೆ, ಇದು ಹೊತ್ತು ಮುಳುಗಿದೊಡನೆ ಮಲಗುತ್ತದೆ.

ಅಲ್ಲಿ ಮೆಚ್ಚತಕ್ಕ ಸಂಗತಿ ಒಂದಿದೆ. ಸರ್ಕಾರ ರೈತರ ಭೂಮಿಯನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಗೇಣಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ ಎಂದು ಗೊತ್ತುಮಾಡಿ ದೀರ್ಘಾವಧಿ ಗುತ್ತಿಗೆಗೆ ಪಡೆಯಿತು. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಕಾರವಾರ, ಅಂಕೋಲಾದ ಊರುಗಳು ಎದ್ದುಹೋದದ್ದನ್ನೂ ಪರಿಹಾರಕ್ಕಾಗಿ ನಮ್ಮವರು ದಶಕಗಳ ಕಾಲ ಕೋರ್ಟು ಹತ್ತಿ ಇಳಿದದ್ದನ್ನೂ ಕಂಡ ನಮಗೆ ಆ ಒಂದು ಹೆಸರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪಾವಗಡದಲ್ಲೂ ಭೂಮಿಯಿಲ್ಲದವನಿಗೆ ಗೇಣಿ ಇಲ್ಲ. ಕಳೆ ಕೀಳುವ, ಶೇಂಗಾ ಬಿಡಿಸುವ ಕೂಲಿ ಹೋಯಿತು. ಕುರಿ ಮೇಯುವ ಬಯಲಿಗೆ ಬೇಲಿ ಬಿತ್ತು. ನೆಲದೊಡೆಯನ ಲಾಭವನ್ನು ಊರಿನ ಲಾಭವೆಂದು ಬರೆಯುವ ಪತ್ರಿಕೆಗಳವರು ಇದನ್ನೂ ಬರೆಯಬೇಕಿತ್ತು.

ಇನ್ನು ನಮ್ಮ ಗಜನಿ. ಬೀಳು ಬಿದ್ದಿದೆ ನಿಜ, ಕಗ್ಗ ಬಿತ್ತುವವರು ಕಡಿಮೆಯಾಗಿದ್ದಾರೆ. ಆದರೂ ಭರತದ ಉಪ್ಪುನೀರು ಬಂದು ಹೋಗುವ, ಸಿಗಡಿ, ಏಡಿ ಬೆಳೆಯುವ ನೆಲ ಅದು. ಅಲ್ಲಿ ಮಣ್ಣು ತುಂಬಿ ಕಂಬ ನೆಟ್ಟರೆ 2019ರ ಆಗಸ್ಟಿನಂತೆ ಗಂಗಾವಳಿ ಉಕ್ಕಿದಾಗ ನೀರು ಎಲ್ಲಿಗೆ ಹೋಗಬೇಕು? ಮನೆಯೊಳಕ್ಕೇ ಬರಬೇಕು. ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟಿನ ಗತಿ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯ ಕಿಟಕಿ ಸರಳುಗಳೇ ಹೇಳುತ್ತವೆ. ಸೊಪ್ಪಿನ ಬೆಟ್ಟವಂತೂ ನಮ್ಮ ಸ್ವಂತದ್ದಲ್ಲ. ತೋಟಕ್ಕೆ ಸೊಪ್ಪು, ದರಕು ತರುವ ಹಕ್ಕಷ್ಟೇ ನಮ್ಮದು, ನೆಲ ಅರಣ್ಯದ್ದು. ಅದನ್ನು ಗೇಣಿಗೆ ಕೊಡುವ ಮಾತೇ ಏಳುವುದಿಲ್ಲ. ಪಾವಗಡದ ಲೆಕ್ಕದಂತೆ ಒಂದು ಮೆಗಾವಾಟಿಗೆ ಆರು ಎಕರೆಗೂ ಮಿಕ್ಕಿ ಬಯಲು ಬೇಕು. ಎರಡು ಎಕರೆ ಅಡಿಕೆ, ಅದರ ನಡುವೆ ನಾಲ್ಕು ಸಾಲು ಕಾಫಿ, ಕಾಳುಮೆಣಸು ಇಟ್ಟುಕೊಂಡ ನಾವು ಅಷ್ಟು ಬಯಲನ್ನು ಎಲ್ಲಿಂದ ತರೋಣ?

ಹಾಗಾದರೆ ಬಿಸಿಲು ನಮಗೆ ಬೇಡವೇ? ಬೇಕು, ಪಾವಗಡದವರಿಗಿಂತ ಹೆಚ್ಚಾಗಿಯೇ ಬೇಕು. ಮಳೆಗಾಲದ ನಾಲ್ಕು ತಿಂಗಳು ಮೋಡ ಕವಿದು ಫಲಕ ಸೊರಗುತ್ತದೆ ಎಂದು ಎಲ್ಲರೂ ಆಕ್ಷೇಪಿಸುತ್ತಾರೆ. ಆ ನಾಲ್ಕು ತಿಂಗಳು ತೋಟಕ್ಕೆ ನೀರು ಯಾರಿಗೆ ಬೇಕು? ನೀರು ಬೇಕಾಗುವುದು ಡಿಸೆಂಬರಿನಿಂದ ಮೇ ತನಕ, ಆಗಲೇ ಆಕಾಶ ತೆರೆದಿರುತ್ತದೆ. ಬಿಸಿಲು ಕಾದಷ್ಟೂ ಅಡಿಕೆಗೆ ದಾಹ, ಬಿಸಿಲು ಕಾದಷ್ಟೂ ಪಂಪಿಗೆ ಬಲ. ಇಂಥ ಹೊಂದಾಣಿಕೆ ಬೇರೆ ಯಾವ ಬೆಳೆಗಾರನಿಗೂ ಇಷ್ಟು ಸಲೀಸಾಗಿ ಸಿಕ್ಕಿರಲಾರದು.

"10 ಅಶ್ವಶಕ್ತಿಯವರೆಗೆ ಕರೆಂಟು ಪುಕ್ಕಟೆ ಇರುವಾಗ ಫಲಕಕ್ಕೆ ದುಡ್ಡು ಸುರಿಯುವುದೇಕೆ?" ಎಂಬುದು ಎರಡನೆಯ ಆಕ್ಷೇಪ. ಪುಕ್ಕಟೆ ಕರೆಂಟು ಬಂದಾಗ ಪುಕ್ಕಟೆ, ಬಾರದಾಗ ಬಲು ದುಬಾರಿ. ಒಂದೇ ಬೇಸಿಗೆಯಲ್ಲಿ ವೋಲ್ಟೇಜು ಬಿದ್ದು ನನ್ನ ಮೋಟಾರು ಎರಡು ಸಲ ರಿವೈಂಡಿಂಗಿಗೆ ಹೋಯಿತು. ಹದಿನೈದು ದಿನ ನೀರಿಲ್ಲದೆ ಉದುರಿದ ಹರಳನ್ನು ಯಾವ ರಿಯಾಯಿತಿಯೂ ಮರಳಿ ಕೊಡದು.

2019ರಲ್ಲಿ ಕೇಂದ್ರ ಸರ್ಕಾರ ಪಿಎಂ ಕುಸುಮ್ ಯೋಜನೆ ತಂದಿತು. ಮುಂದೆ ರಾಜ್ಯವು ತನ್ನ ಸಹಾಯಧನವನ್ನು ಶೇ. 30ರಿಂದ 50ಕ್ಕೆ ಏರಿಸಿ, ಕೇಂದ್ರದ 30 ಸೇರಿ, ರೈತನ ಪಾಲು ಶೇ. 20ಕ್ಕೆ ಇಳಿಯಿತು. ಇಂಥ ಯೋಜನೆಗಳ ಅವಧಿ, ನಿಯಮ ಬದಲಾಗುತ್ತಲೇ ಇರುತ್ತವೆ. ಮಧ್ಯವರ್ತಿಗೆ ಮುಂಗಡ ಕೊಡುವ ಮುನ್ನ ಸಂಘಕ್ಕೆ ಬಂದು ವಿಚಾರಿಸಿರಿ. ಫಲಕವನ್ನು ತೋಟದೊಳಗೆ ಹಾಕುವಂತಿಲ್ಲ ಎಂಬುದನ್ನೂ ಮರೆಯಬಾರದು. ಹಳ್ಳದ ಬುಡದ ತೋಟಕ್ಕೆ ಬಿಸಿಲು ಬರುವುದೇ ತಡ, ಮರದ ನೆರಳೂ ಉಂಟು. ಅಂಗಳದ ಅಂಚೋ ಕೊಟ್ಟಿಗೆಯ ಮಾಡೋ ಆಗಬೇಕು. ಸಿಡಿಲಿನ ಊರು ನಮ್ಮದು, ಸಿಡಿಲು ತಡೆ ಹಾಕಿಸದೆ ಫಲಕ ಹಾಕಿಸುವುದು ಹುಡುಗಾಟ.

ಪಂಪಿಗೆ ಮಾತ್ರ ಕಟ್ಟಿದ ಫಲಕ ಮಳೆಗಾಲವಿಡೀ ಸುಮ್ಮನೆ ಬಿದ್ದಿರುತ್ತದೆ ಎಂಬುದು ನಿಜವಾದ ಕೊರತೆ. ಇದಕ್ಕೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದವರು 2016ರಲ್ಲಿ ಒಂದು ಉಪಾಯ ಮಾಡಿದರು. ಆರು ಮಂದಿ ರೈತರು ಸಹಕಾರಿ ಸಂಘ ಕಟ್ಟಿ, ಪಂಪು ನಡೆದು ಉಳಿದ ವಿದ್ಯುತ್ತನ್ನು ಯೂನಿಟ್ಟಿಗೆ 4 ರೂ. 63 ಪೈಸೆಯಂತೆ ವಿದ್ಯುತ್ ಕಂಪನಿಗೆ 25 ವರ್ಷ ಮಾರುವ ಕರಾರು ಮಾಡಿಕೊಂಡರು. ಅದಕ್ಕೆ ಪ್ರತಿಯಾಗಿ ಅಗ್ಗದ ಪಂಪ್‌ಸೆಟ್ ಸಂಪರ್ಕ ಕೇಳುವ ಹಕ್ಕನ್ನು ಬಿಟ್ಟುಕೊಟ್ಟರು. ನಮ್ಮವರು ಅಷ್ಟಕ್ಕೆ ಒಪ್ಪುವರೆಂಬ ಭ್ರಮೆ ನನಗಿಲ್ಲ. ಆದರೆ ಆರೇ ಜನ ಸೇರಿ ಮಾಡಿದ್ದನ್ನು ನಾವು ಕೇಳಿಯಾದರೂ ನೋಡಬಾರದೇ?

ಆರಂಭಕ್ಕೆ ನಮ್ಮ ಸಂಘದ ಗೋದಾಮಿನ ಮಾಡೇ ಸಾಕು. ಸಾವಿರ ಚದರಡಿಯಲ್ಲಿ 10 ಕಿಲೋವಾಟ್ ಕೂರುತ್ತದೆ. ಸರಾಸರಿ ದಿನಕ್ಕೆ 40 ಯೂನಿಟ್ ಆಸುಪಾಸು ಬರುತ್ತದೆ. ಕಚೇರಿ, ತೂಕದ ಯಂತ್ರ, ಚಾಲಿ ಸುಲಿಯುವ ಯಂತ್ರ ನಡೆದೂ ಮಿಗಬಹುದು. ಈ ವಿಷಯ ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಬರಲಿದೆ. ಬರುವಾಗ ಸದಸ್ಯರು ತಮ್ಮ ಪಂಪಿನ ಅಶ್ವಶಕ್ತಿ, ಬಾವಿಯ ಆಳ, ಹತ್ತಿರದ ಟ್ರಾನ್ಸ್‌ಫಾರ್ಮರಿಗೆ ಎಷ್ಟು ದೂರ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತರಬೇಕಾಗಿ ವಿನಂತಿ.