ಪದವಿ ಕೈಯಲ್ಲಿದೆ, ಕಛೇರಿ ಎಲ್ಲಿದೆ?

ನಮ್ಮ ಸದಸ್ಯರೊಬ್ಬರ ಮಗಳು ಈ ಊರಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಗೀತದ ಎಂ.ಎ. ಮುಗಿಸಿದಳು. ಮೊದಲ ದರ್ಜೆ ಬಂದಿತ್ತು. ಮನೆಯವರು ಹೋಳಿಗೆ ಊಟ ಹಾಕಿಸಿದರು. ನಾವೂ ಹೋಗಿ ಉಂಡೆವು. ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುತ್ತ ಕುಳಿತಾಗ ಕಲಬುರಗಿ ಕಡೆಯ ಹಿರಿಯರೊಬ್ಬರು, "ಯವ್ವಾ, ಒಂದು ತಾಸು ಹಾಡು, ಕೇಳೂಣು" ಎಂದರು. ಹುಡುಗಿ ತಲೆ ತಗ್ಗಿಸಿದಳು. "ಅಜ್ಜಾ, ಒಂದು ತಾಸು ನಾ ಎಂದೂ ಹಾಡಿಲ್ಲರಿ. ಪರೀಕ್ಷೆದಾಗ ಇಪ್ಪತ್ತು ನಿಮಿಷ, ವಾರ್ಷಿಕೋತ್ಸವದಾಗ ಏಳು ನಿಮಿಷ, ಅಷ್ಟೇರಿ" ಎಂದಳು. ಆಮೇಲೆ ಯಮನ್ ರಾಗ ಎತ್ತಿಕೊಂಡು ಹತ್ತು ನಿಮಿಷ ಸೊಗಸಾಗಿ ಹಾಡಿದಳು. ರಾಗ ಬೆಳೆಯತೊಡಗಿತು ಎನ್ನುವಷ್ಟರಲ್ಲಿ, ಯಾರೋ ಗಂಟೆ ಬಾರಿಸಿದರೆಂಬಂತೆ ನಿಲ್ಲಿಸಿಬಿಟ್ಟಳು.

ತಪ್ಪು ಹುಡುಗಿಯದಲ್ಲ. ಆಕೆಗೆ ವಿದ್ಯೆ ಇದೆ, ಕಂಠವಿದೆ, ಶ್ರದ್ಧೆಯಿದೆ. ಇಲ್ಲದ್ದು ಕೂತು ಹಾಡುವ ಜಾಗ, ಎದುರಿಗೆ ಕೂತು ಕೇಳುವ ಜನ. ಹಾಡಿಸದೆಯೇ ಹಾಡುಗಾರರನ್ನು ತಯಾರು ಮಾಡುತ್ತೇವೆಂದು ಹೊರಟ ವಿದ್ಯಾಲಯಗಳೂ, ಅದನ್ನು ನೋಡಿಯೂ ನೋಡದಂತಿರುವ ನಮ್ಮಂಥ ಸಂಘಗಳೂ ಈ ತಪ್ಪಿನಲ್ಲಿ ಪಾಲುದಾರರು.

ನಗರದಲ್ಲಿ ಸಂಸ್ಥೆಗಳಿಗೇನೂ ಬರವಿಲ್ಲ. ರಾಮಕೋಟಿಯಲ್ಲಿ ತ್ಯಾಗರಾಜರ ಹೆಸರಿನ ಸರಕಾರಿ ಸಂಗೀತ ನೃತ್ಯ ಕಾಲೇಜಿದೆ. 1985ರಲ್ಲಿ ತೆಲುಗು ವಿಶ್ವವಿದ್ಯಾಲಯವಾಗಿ ಹುಟ್ಟಿ, ಈಚೆಗೆ ಸುರವರಂ ಪ್ರತಾಪರೆಡ್ಡಿಯವರ ಹೆಸರು ಪಡೆದ ಪುಟ್ಟ ವಿಶ್ವವಿದ್ಯಾಲಯದಲ್ಲಿ ಸಂಗೀತಕ್ಕೆ ಸ್ಥಾನವಿದೆ. ನಾಂಪಲ್ಲಿಯ ಅದರ ಆವರಣದಲ್ಲೇ ಸಭಾಂಗಣವೂ ಇದೆ. ನಮ್ಮ ನಾಡಿನ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗಾಗಿಯೇ ಒಂದು ವಿಶ್ವವಿದ್ಯಾಲಯವಿದೆ. ಛತ್ತೀಸಗಡದ ಖೈರಾಗಡವೆಂಬ ಚಿಕ್ಕ ಊರಿನಲ್ಲಿ ರಾಜಮನೆತನದವರು ಅರಮನೆಯನ್ನೇ ಬಿಟ್ಟುಕೊಟ್ಟು 1956ರಲ್ಲಿ ಇಂಥದೊಂದನ್ನು ತೆರೆದರು. ಇವುಗಳಲ್ಲಿ ಯಾವುದೋ ಒಂದರತ್ತ ಬೊಟ್ಟು ಮಾಡುವುದು ನಮ್ಮ ಉದ್ದೇಶವಲ್ಲ. ದೋಷ ಪದ್ಧತಿಯದು.

ಆ ಪದ್ಧತಿಯಾದರೂ ಎಂಥದು? ಸೆಮಿಸ್ಟರೆಂದರೆ ಹದಿನೈದು ಹದಿನಾರು ವಾರ. ಅಷ್ಟರಲ್ಲಿ ಇಷ್ಟು ರಾಗ, ಇಷ್ಟು ತಾಳ, ಶಾಸ್ತ್ರದ ಪತ್ರಿಕೆ, ಆಂತರಿಕ ಅಂಕ. ಕೊನೆಗೆ ಮುಚ್ಚಿದ ಬಾಗಿಲ ಹಿಂದೆ ಪರೀಕ್ಷಕರು ಕುಳಿತು, ಈ ರಾಗದ ಆರೋಹಣ ಹೇಳು, ಆ ಬಂದಿಶ್ ಎರಡು ಸಾಲು ಹಾಡು, ಸಾಕು, ಮುಂದಿನವರನ್ನು ಕಳಿಸು ಎನ್ನುವುದು. ರೋಗಿಯ ನಾಡಿ ಹಿಡಿಯದವನಿಗೆ ವೈದ್ಯನೆಂಬ ಪದವಿಯನ್ನು ಯಾರೂ ಕೊಡುವುದಿಲ್ಲ. ಕೇಳುಗನ ಮುಖ ನೋಡದವನಿಗೆ ಮಾತ್ರ ಸಂಗೀತದಲ್ಲಿ ನಿರಾತಂಕವಾಗಿ ಸ್ನಾತಕೋತ್ತರ ಪದವಿ ಕೊಡುತ್ತೇವೆ!

ಕಛೇರಿ ಕಲಿಸುವುದನ್ನು ತರಗತಿ ಕಲಿಸಲಾರದು. ಫೋನಿನೊಳಗಿನ ತಂಬೂರಿ, ತಬಲಾ ನಾವು ಹೇಳಿದಂತೆ ಕೇಳುತ್ತವೆ. ಜೀವಂತ ತಬಲಜಿ ಕೇಳುವುದಿಲ್ಲ. ವಿಲಂಬಿತ ಏಕತಾಳದಲ್ಲಿ ಆಲಾಪ ಬೆಳೆಸುತ್ತ ಹೋಗಿ ಸಮಕ್ಕೆ ಸರಿಯಾಗಿ ಬಂದು ಸೇರಬೇಕಾದರೆ ಪಕ್ಕದಲ್ಲಿ ಮನುಷ್ಯನೇ ಕೂತಿರಬೇಕು. ಕರ್ನಾಟಕ ಪದ್ಧತಿಯಲ್ಲಾದರೆ ನೆರವಲ್, ಕಲ್ಪನಾಸ್ವರ ಮುಗಿಸಿ ಮೃದಂಗಕ್ಕೆ ತನಿ ಬಿಟ್ಟುಕೊಟ್ಟ ಮೇಲೆ ಗಾಯಕನ ಕೆಲಸ ಮುಗಿಯಿತೆಂದಲ್ಲ. ಅಷ್ಟು ಹೊತ್ತೂ ತಪ್ಪದೆ ತಾಳ ಹಾಕಬೇಕು, ಮುಕ್ತಾಯಕ್ಕೆ ಎಡುಪಿನಲ್ಲಿ ಕೃತಿಯನ್ನು ಎತ್ತಿಕೊಳ್ಳಬೇಕು. ನಲವತ್ತನೆಯ ನಿಮಿಷಕ್ಕೆ ಗಂಟಲು ದಣಿದಾಗ ಉಸಿರನ್ನು ಹೇಗೆ ಉಳಿಸಿಕೊಳ್ಳಬೇಕು, ಸಭೆ ಚದುರಿದಂತೆ ಕಂಡಾಗ ಯಾವ ರಾಗ ಹಿಡಿಯಬೇಕು, ಎಲ್ಲಿಗೆ ನಿಲ್ಲಿಸಿದರೆ ಚೆನ್ನ ಎಂಬುದಕ್ಕೆ ಪಠ್ಯಪುಸ್ತಕವಿಲ್ಲ. ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮವರು ಕಲಿತದ್ದೂ ಹೀಗೆಯೇ. ಗಂಗೂಬಾಯಿಯವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ ಇನ್ನೂ ಬಾಲಕಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಪಾಠಕ್ಕೆ ಕುಳಿತದ್ದು ಆಮೇಲಿನ ಮಾತು. ಅವರ ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತಿತ್ತು. ಪದವಿ ತರಗತಿಗೆ ಪಿ.ಯು.ಸಿ. ಬೇಕೆನ್ನುವ ಇಂದಿನ ನಿಯಮದಲ್ಲಿ, ತಮ್ಮ ಹೆಸರಿನ ವಿಶ್ವವಿದ್ಯಾಲಯದಲ್ಲಿಯೇ ಆ ತಾಯಿಗೆ ಪದವಿಗೆ ಸೀಟು ಸಿಗುತ್ತಿರಲಿಲ್ಲ! ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕದ ಕಂಪನಿ ಕಟ್ಟಿ ಊರೂರು ತಿರುಗಿದರು. ಅಲ್ಲಿ ಕಲಿಕೆಗೂ ರಂಗಕ್ಕೂ ನಡುವೆ ಗೋಡೆಯಿರಲಿಲ್ಲ. ಬಸವರಾಜ ರಾಜಗುರುಗಳಂಥವರು ಹೊರಬಂದದ್ದು ಆ ಗರಡಿಯಿಂದ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಛೇರಿಗಳು ನಡೆಯಲೆಂದು ತಾವೇ ನಿಂತು ರಾಮಮಂದಿರ ಕಟ್ಟಿಸಿದರು. ವಿದ್ಯೆ ಕೊಟ್ಟರೆ ಸಾಲದು, ಜಾಗವನ್ನೂ ಕೊಡಬೇಕೆಂದು ಆ ವಿದ್ವಾಂಸರು ಬಲ್ಲವರಾಗಿದ್ದರು.

ಹಾಗಾದರೆ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಗುರುಕುಲಕ್ಕೆ ಮರಳೋಣವೇ? ಖಂಡಿತ ಬೇಡ. ಗುರುವಿನ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಎಷ್ಟೋ ಶಿಷ್ಯರ ವರುಷಗಳು ನೀರು ಹೊರುವುದರಲ್ಲೇ ಕಳೆದವು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹಾಡಬಾರದೆಂಬ ಕಾಲವೂ ಇತ್ತು. 1901ರಲ್ಲಿ ಲಾಹೋರಿನಲ್ಲಿ ಗಂಧರ್ವ ಮಹಾವಿದ್ಯಾಲಯ ತೆರೆದ ವಿಷ್ಣು ದಿಗಂಬರ ಪಲುಸ್ಕರರು, 1926ರಲ್ಲಿ ಲಖನೌ ಕಾಲೇಜಿಗೆ ಕಾರಣರಾದ ಭಾತಖಂಡೆಯವರು ಸಂಗೀತವನ್ನು ಸಾಮಾನ್ಯರ ಮಕ್ಕಳಿಗೆ ತಲುಪಿಸಿದ ಪುಣ್ಯಾತ್ಮರು. ಗುಮಾಸ್ತನ ಮಗಳು, ಕಂಡಕ್ಟರನ ಮಗ ಇಂದು ಸಂಗೀತ ಓದುತ್ತಿದ್ದರೆ ಅದು ಅವರ ಕೃಪೆ. ನಮ್ಮ ದೂರು ಇಷ್ಟೇ: ಅವರು ತೆರೆದ ಬಾಗಿಲಿನಿಂದ ಒಳಹೊಕ್ಕ ಮಕ್ಕಳು ವೇದಿಕೆಯವರೆಗೆ ತಲುಪುತ್ತಿಲ್ಲ.

ಈಗ ನಮ್ಮ ಬೆನ್ನನ್ನೂ ಕೊಂಚ ನೋಡಿಕೊಳ್ಳೋಣ. ರಾಜ್ಯೋತ್ಸವಕ್ಕೆ ನಾವು ಬೆಂಗಳೂರಿನಿಂದ ವಾದ್ಯವೃಂದ ಕರೆಸುತ್ತೇವೆ. ವಿಮಾನದ ಖರ್ಚು, ಹೋಟೆಲಿನ ಖರ್ಚು, ಶಾಲು, ಹಾರ, ಫಲತಾಂಬೂಲ. ಅದು ಬೇಡವೆಂದಲ್ಲ. ಆದರೆ ನಮ್ಮವೇ ಮಕ್ಕಳಿಗೆ? ಸ್ವಾಗತ ಭಾಷಣಕ್ಕೂ ಅಧ್ಯಕ್ಷ ಭಾಷಣಕ್ಕೂ ನಡುವೆ ನಾಲ್ಕು ನಿಮಿಷದ ಒಂದು ದೇವರನಾಮ, ಅದೂ ಧ್ವನಿಮುದ್ರಿತ ವಾದ್ಯದ ಜೊತೆಗೆ. ಮಗು ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿರುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ವರ್ಷವರ್ಷವೂ ನಿಷ್ಠೆಯಿಂದ ಆಚರಿಸುತ್ತೇವೆ. ಮಗು ಹತ್ತನೆಯ ತರಗತಿಗೆ ಬಂದೊಡನೆ ತಂಬೂರಿ ಅಟ್ಟಕ್ಕೇರುತ್ತದೆ. ಹಾಡುವುದಕ್ಕೆ ಜಾಗವೇ ಇಲ್ಲದ ವಿದ್ಯೆಯನ್ನು ಯಾವ ಆಸೆಗಾಗಿ ಮಕ್ಕಳು ಹಿಡಿದುಕೊಂಡಾರು?

ಈ ಊರಿನ ಕನ್ನಡಿಗರಿಗೆ ಇನ್ನೊಂದು ಭಾಗ್ಯವುಂಟು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯದವೇ. ಆ ಕಡೆಯ ಮನೆಗಳ ಕಿವಿ ಹಿಂದುಸ್ತಾನಿಯದು. ಮೈಸೂರು, ಬೆಂಗಳೂರಿನಿಂದ ಬಂದವರ ಮನೆಗಳಲ್ಲಿ ಕರ್ನಾಟಕ ಸಂಗೀತ. ಒಂದೇ ಸಂಘದ ಒಂದೇ ಪಂಕ್ತಿಯಲ್ಲಿ ಉಣ್ಣುವ ನಾವು ಒಬ್ಬರ ಸಂಗೀತವನ್ನು ಒಬ್ಬರು ಕೂತು ಕೇಳಿದ್ದು ಎಷ್ಟು ಸಲ? ಪಂಚಾಕ್ಷರಿ ಗವಾಯಿಗಳಿಗೆ ಎರಡೂ ಪದ್ಧತಿ ಕರಗತವಾಗಿದ್ದವು. ನಮಗೆ ಕೇಳುವಷ್ಟಾದರೂ ವ್ಯವಧಾನ ಬೇಡವೇ?

ಬರಿಯ ದೂರು ಹೇಳಿ ಕೈತೊಳೆದುಕೊಳ್ಳುವುದು ನಮಗೆ ಇಷ್ಟವಿಲ್ಲ. ವಿಶ್ವವಿದ್ಯಾಲಯಗಳು ಸಂಗೀತದ ಪ್ರತಿ ವಿದ್ಯಾರ್ಥಿಯಿಂದ ವರ್ಷಕ್ಕೊಮ್ಮೆಯಾದರೂ ಒಂದು ಗಂಟೆಯ ಕಛೇರಿಯನ್ನು, ಬಾಗಿಲು ತೆರೆದು, ಜನರೆದುರು ಮಾಡಿಸಲಿ. ಅದಕ್ಕೆ ಅಂಕವನ್ನೂ ಕೊಡಲಿ. ಖಾಯಂ ಅಧ್ಯಾಪಕರಿಲ್ಲ, ಹಣವಿಲ್ಲ ಎಂಬ ಉತ್ತರ ನಮಗೆ ಗೊತ್ತು. ಒಂದು ಜಮಖಾನ ಹಾಸಲು ಅನುದಾನ ಬೇಕಾಗಿಲ್ಲ.

ನಮ್ಮ ಸಂಘ ತಿಂಗಳ ಕೊನೆಯ ಭಾನುವಾರ ಸಂಜೆ ತನ್ನ ಸಭಾಂಗಣವನ್ನು ಬಾಡಿಗೆಯಿಲ್ಲದೆ ಒಬ್ಬ ವಿದ್ಯಾರ್ಥಿಗೆ ಬಿಟ್ಟುಕೊಡಲಿ. ಒಂದು ತಿಂಗಳು ಹಿಂದುಸ್ತಾನಿ, ಇನ್ನೊಂದು ತಿಂಗಳು ಕರ್ನಾಟಕ. ಪಕ್ಕವಾದ್ಯದವರಿಗೆ ಸಂಭಾವನೆ ಕೊಡೋಣ. ರಾಜ್ಯೋತ್ಸವದ ಶಾಲು ಹಾರದ ಖರ್ಚಿನಲ್ಲಿ ಅದು ಹುಟ್ಟುತ್ತದೆ. ಭಾಷಣ ಬೇಡ, ಮುಖ್ಯ ಅತಿಥಿ ಬೇಡ. ಮಕ್ಕಳ ಹಾಡಿಗೆ ಯಾರು ಬರುತ್ತಾರೆ, ತಪ್ಪಿದರೆ ನಗೆಪಾಟಲಲ್ಲವೇ ಎನ್ನುವವರಿದ್ದಾರೆ. ಮೂವತ್ತು ಜನ ಬಂದರೂ ಸಾಕು. ತಾಳ ತಪ್ಪಿದರೆ ತಪ್ಪಲಿ. ನಮ್ಮವರೆದುರು ತಪ್ಪಿ ತಿದ್ದಿಕೊಂಡವರು ನಾಳೆ ಪರರೆದುರು ತಲೆಯೆತ್ತಿ ಹಾಡಿಯಾರು.

ಮೊದಲ ಭಾನುವಾರ ಆ ಹುಡುಗಿಯೇ ಹಾಡಲಿ. ಮುಂದಿನ ಸಾಲಿನಲ್ಲಿ ಆ ಅಜ್ಜನವರು ಕೂಡಲಿ. ನಾವೆಲ್ಲ ಹೆಂಡಿರು ಮಕ್ಕಳ ಸಮೇತ ಬಂದು ಒಂದು ತಾಸು ಕೇಳೋಣ. ಅಂದು ಕಾರ್ಯದರ್ಶಿಗಳು ದಯವಿಟ್ಟು ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬರಬೇಕು.