ಗೋಡೆಗೆ ಬಳ್ಳಿ, ಹಿಂದೆ ಕಡಿದ ಗುಡ್ಡ

ಮೊನ್ನೆ ಒಂದು ನಿಕಾಹ್‌ಗೆ ಹೋಗಿದ್ದೆ. ಗುಡ್ಡದ ಮೇಲೆ ಹೊಸ ರೆಸಾರ್ಟ್, ಗೋಡೆ ತುಂಬಾ ಹಸಿರು ಬಳ್ಳಿ. ಜೊತೆಗಿದ್ದ ನಮ್ಮ ಮದ್ರಸದ ಹುಡುಗ ಎಲೆ ಮುಟ್ಟಿ ನೋಡಿ, "ಉಸ್ತಾದ್, ಇದು ಪ್ಲಾಸ್ಟಿಕ್" ಅಂದ. ಕೈ ತೊಳೆಯಲು ಹಿಂಬದಿಗೆ ಹೋದರೆ, ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದಿದ್ದಾರೆ. ಬರೀ ಕೆಂಪು ಮಣ್ಣು.

'ನೇಚರ್ ಥೀಮ್' ಅಂದರೆ ಈಗ ಇಷ್ಟೇ ಆಗಿಬಿಟ್ಟಿದೆ. ಆದರೆ ನಿಜವಾಗಿ ಮಾಡಿ ತೋರಿಸಿದವರೂ ಇದ್ದಾರೆ. ಶ್ರೀಲಂಕಾದ ದಂಬುಲ್ಲ ಬಳಿ ವಾಸ್ತುಶಿಲ್ಪಿ ಜೆಫ್ರಿ ಬಾವಾ 1990ರ ದಶಕದಲ್ಲಿ ಕಂಡಲಮ ಹೋಟೆಲ್ ಕಟ್ಟಿದರು. ಬೆಟ್ಟದ ಮೈಗೆ ಅಂಟಿಕೊಂಡಂತೆ ಕಂಬಗಳ ಮೇಲೆ ನಿಲ್ಲಿಸಿದರು. ಮಳೆನೀರು ಅಡಿಯಿಂದಲೇ ಹರಿದು ಕೆರೆ ಸೇರುತ್ತದೆ. ಒಳಗಿನ ಹಾದಿಯಲ್ಲೂ ಬಂಡೆ ಹಾಗೇ ಇದೆ. ನಿಜವಾದ ಬಳ್ಳಿಗಳೇ ಹಬ್ಬಿ ಕಟ್ಟಡವನ್ನು ಮುಚ್ಚಿವೆ.

ಅಷ್ಟು ದೂರ ಯಾಕೆ? ನಮ್ಮ ಅಜ್ಜಂದಿರ ಮನೆ ನೆನಪು ಮಾಡಿಕೊಳ್ಳಿ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಅಗಲ ಜಗಲಿ. ಫ್ಯಾನ್ ಇಲ್ಲದೆಯೂ ತಂಪು. ಅದನ್ನು ಯಾರೂ ಥೀಮ್ ಅನ್ನಲಿಲ್ಲ.

ಹಾಲ್ ಬುಕ್ ಮಾಡುವವರು ನಾವೇ ತಾನೆ? ಅಡ್ವಾನ್ಸ್ ಕೊಡುವ ಮೊದಲು ಬಿರಿಯಾನಿ ರೇಟ್, ಪಾರ್ಕಿಂಗ್ ಎಲ್ಲ ವಿಚಾರಿಸುತ್ತೇವೆ. ಜೊತೆಗೆ ಇನ್ನೂ ಮೂರು ಮಾತು ಕೇಳೋಣ: ಗುಡ್ಡ ಎಷ್ಟು ಕಡಿದಿದ್ದೀರಿ? ಮಳೆನೀರು ಎಲ್ಲಿಗೆ ಹೋಗುತ್ತದೆ? ಕೊಳಚೆ ನೀರು ಎಲ್ಲಿಗೆ ಬಿಡುತ್ತೀರಿ?

ಗುಡ್ಡದ ಕೆಳಗೂ ಮನೆಗಳಿವೆ. ನಾವು ಊಟ ಮಾಡಿ ಬರುತ್ತೇವೆ. ಮಳೆಗಾಲದಲ್ಲಿ ಮಣ್ಣು ಜರಿದರೆ ಬೀಳುವುದು ಅವರ ಮನೆಯ ಮೇಲೆ.